ಕಿವಿಗೊಂದು ಅಚ್ಚು, ಕೈಗೊಂದು ಆಸರೆ

ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತಾರೆ. ಗುಗ್ಗೆ ಇದ್ದರೆ ತೆಗೆಯಬೇಕು. ಬಳಿಕ ದಾರ ಕಟ್ಟಿದ ಪುಟ್ಟ ಹತ್ತಿಯುಂಡೆಯೊಂದನ್ನು ಒಳಗಿಡುತ್ತಾರೆ, ಹಾಕುವ ಪೇಸ್ಟು ಕಿವಿಯ ತಮಟೆ ಮುಟ್ಟಬಾರದಲ್ಲ. ಆಮೇಲೆ ಸಿರಿಂಜಿನಿಂದ ಮೆತ್ತನೆಯ ಸಿಲಿಕೋನ್ ತುಂಬುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಬಿಗಿಯಾಗುತ್ತದೆ. ಮೆಲ್ಲಗೆ ತಿರುಗಿಸಿ ಎಳೆದರೆ ಆ ಕಿವಿಯ ಏರುತಗ್ಗುಗಳೆಲ್ಲ ಮೂಡಿದ ಅಚ್ಚು ಕೈಗೆ ಬರುತ್ತದೆ. ಅದನ್ನು ನೋಡಿ ಮಾಡಿದ, ಹಿಯರಿಂಗ್ ಏಡ್‌ಗೆ ಜೋಡಿಸುವ ಇಯರ್ ಮೋಲ್ಡ್ ಇನ್ನೊಬ್ಬರಿಗೆ ಕೂರುವುದಿಲ್ಲ, ಅದೇ ಮನುಷ್ಯನ ಇನ್ನೊಂದು ಕಿವಿಗೂ ಕೂರುವುದಿಲ್ಲ. ಮಕ್ಕಳಿಗಾದರೆ ಕಿವಿ ಬೆಳೆದ ಹಾಗೆ ಹೊಸದು ಮಾಡಿಸಬೇಕು. ಸಡಿಲವಾದರೆ ಹಿಯರಿಂಗ್ ಏಡ್ ಕುಂಯ್ ಎಂದು ಸಿಳ್ಳೆ ಹಾಕಲು ಶುರು.

ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದ ಮಣಿಪಾಲದ ಗುಡ್ಡದ ಮೇಲೆ ಇಂದು ಮಣಿಪಾಲ ಕಾಲೇಜ್ ಆಫ್ ಹೆಲ್ತ್ ಪ್ರೊಫೆಶನ್ಸ್ ಇದೆ. ಇದಕ್ಕೆ ಹಿಂದೆ ಸ್ಕೂಲ್ ಆಫ್ ಅಲೈಡ್ ಹೆಲ್ತ್ ಸೈನ್ಸಸ್ ಎಂಬ ಹೆಸರಿತ್ತು. ಇಂಥ ಅಚ್ಚು ತೆಗೆಯುವ ವಾಕ್-ಶ್ರವಣ, ಆಕ್ಯುಪೇಶನಲ್ ಥೆರಪಿ, ಫಿಸಿಯೋಥೆರಪಿ ಎಲ್ಲ ಇಲ್ಲಿ ಕಲಿಕೆಯೂ ಹೌದು, ಸಂಶೋಧನೆಯೂ ಹೌದು. ಆಸ್ಪತ್ರೆ ಪಕ್ಕದಲ್ಲೇ ಇರುವುದರಿಂದ ಇಲ್ಲಿನ ಪ್ರಶ್ನೆಗಳು ಓಪಿಡಿಯ ಬೆಂಚಿನಿಂದಲೇ ಎದ್ದು ಬರುತ್ತವೆ.

ಸಹಾಯಕ ಸಾಧನ ಎಂದಕೂಡಲೇ ರೋಬೋಟ್ ಕೈ, ಮಾತನಾಡುವ ಕನ್ನಡಕ ಎಂದೆಲ್ಲ ಸುದ್ದಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಾಧನ ಬೇಕು. ಸುಮಾರು 100 ಕೋಟಿ ಜನರ ಕೈಗೆ ಅದು ಎಟುಕುತ್ತಿಲ್ಲ. ಎಟುಕಿದವರದ್ದೂ ಬೇರೆಯೇ ಕತೆ. ಕೊಂಡು ತಂದದ್ದು ಎಷ್ಟೋ ಸಲ ಕಪಾಟು ಸೇರುತ್ತದೆ. ಅದು ಯಾಕೆ ಕಪಾಟು ಸೇರಿತು ಎಂದು ಹುಡುಕುವ ಸಂಶೋಧನೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನಮ್ಮ ಕರಾವಳಿಯ ಮಳೆಯನ್ನೇ ನೋಡಿ. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ಆಟಿಯ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಿವಿಯ ಹಿಂದೆ ಬೆವರಲ್ಲಿ ಕೂತ ಯಂತ್ರದ ಪಾಡೇನು? ನಳಿಗೆಯಲ್ಲಿ ನೀರ ಹನಿ ನಿಂತರೆ ಸದ್ದು ಒಳಗೆ ಹೋಗದು. ರಾತ್ರಿ ಅದನ್ನು ಕಳಚಿ, ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಬೇಕು. ಇದನ್ನು ಮನೆಯವರ ಭಾಷೆಯಲ್ಲಿ, ಕೈಯಲ್ಲಿ ಮಾಡಿಸಿ ತೋರಿಸುವ ಹತ್ತು ನಿಮಿಷ, ಯಂತ್ರದಷ್ಟೇ ಬೆಲೆಬಾಳುತ್ತದೆ.

ಭಾಷೆಯ ತೊಡಕು ಇನ್ನೂ ಆಳದ್ದು. ಸದ್ದು ಎಷ್ಟು ಕೇಳುತ್ತದೆ ಎಂದು ಯಂತ್ರದ ಪೀಂ ಸದ್ದಿನಿಂದ ಅಳೆಯಬಹುದು. ಮಾತು ಎಷ್ಟು ತಿಳಿಯುತ್ತದೆ ಎಂದು ಅಳೆಯಲು ಪದಗಳೇ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಕನ್ನಡದ ಧ್ವನಿಗಳನ್ನು ಹದವಾಗಿ ಹಂಚಿ ಒಂದು ಪದಪಟ್ಟಿ ಸಿದ್ಧಪಡಿಸಿದರು. ಆದರೆ ಕಾರ್ಕಳದ ಕಡೆಯ, ಮನೆಯಲ್ಲಿ ತುಳು ಬಿಟ್ಟು ಬೇರೆ ಆಡದ ಅಜ್ಜಿ ಪರೀಕ್ಷೆಯ ಕುರ್ಚಿಯಲ್ಲಿ ಕೂತು ಅರ್ಧ ಪದ ತಪ್ಪು ಹೇಳಿದರೆ ಅದು ಕಿವಿಯ ದೋಷವೋ, ಭಾಷೆಯ ದೂರವೋ? ಕೊಂಕಣಿ, ಬ್ಯಾರಿ, ಕುಂದಗನ್ನಡದ ಮನೆಗಳಿಗೂ ಇದೇ ಪ್ರಶ್ನೆ. ಇಷ್ಟೊಂದು ನುಡಿಗಳ ನಡುವೆ ಕೂತ ಮಣಿಪಾಲ ಇದಕ್ಕೆ ಉತ್ತರ ಹುಡುಕಲು ಹೇಳಿ ಮಾಡಿಸಿದ ಜಾಗ. ಕಣ್ಣು ಕಾಣದವರ ಪಾಲಿಗೆ ಇಂಥ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗಿದೆ. ಅಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನು ಗುರುತಿಸಿ, ಕಂಪ್ಯೂಟರ್ ಓದಿ ಹೇಳಬಲ್ಲ ಪಠ್ಯವಾಗಿಸುವ ‘ಲಿಪಿ ಜ್ಞಾನಿ’ ತಂತ್ರಾಂಶವನ್ನು ರೂಪಿಸಿತು.

ಆಕ್ಯುಪೇಶನಲ್ ಥೆರಪಿಯ ಕೋಣೆಯಲ್ಲಿ ಬೇರೆ ಬಗೆಯ ಅಚ್ಚು. ಪ್ಲಾಸ್ಟಿಕ್ ಹಾಳೆಯನ್ನು ಕೈಯ ಅಳತೆಗೆ ಕತ್ತರಿಸಿ ಸುಮಾರು 65–70 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿಸುತ್ತಾರೆ. ಅದು ಹಪ್ಪಳದ ಹಿಟ್ಟಿನಂತೆ ಬಾಗತೊಡಗುತ್ತದೆ. ಒರೆಸಿ, ಬಿಸಿ ಹದ ನೋಡಿ, ರೋಗಿಯ ಕೈಮೇಲೆಯೇ ಒತ್ತಿ ಹಿಡಿದರೆ ತಣಿದಂತೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಅಂಚು ಚರ್ಮ ಕೊರೆಯದಂತೆ ನಯ ಮಾಡಿ, ವೆಲ್ಕ್ರೋ ಪಟ್ಟಿ ಹಚ್ಚಿದರೆ ಸ್ಪ್ಲಿಂಟ್ ಸಿದ್ಧ. ಪಾರ್ಶ್ವವಾಯು ಬಡಿದ ಕೈಗೂ ಇದು ಬೇಕು, ಗಾಯವಾಗಿ ನರ ಹೊಲಿಸಿಕೊಂಡ ಕೈಗೂ ಬೇಕು.

ಆ ಕೈ ಮುಂದೆ ಏನು ಮಾಡಬೇಕು ಎಂದು ಕೇಳದೆ ಈ ಕೆಲಸ ಮುಗಿಯುವುದಿಲ್ಲ. ಪಾಠಪುಸ್ತಕದಲ್ಲಿ ದಪ್ಪ ಹಿಡಿಯ ಚಮಚವಿದೆ. ನಮ್ಮವರು ಮೀನುಸಾರು ಕಲಸಿದ ಕುಚ್ಚಲಕ್ಕಿ ಅನ್ನವನ್ನು ಕೈಯಲ್ಲಿ ಉಣ್ಣುವವರು. ಬೀಡಿ ಕಟ್ಟುವ ಹೆಂಗಸಿಗೆ ಎಲೆ ಸುರುಳಿ ಸುತ್ತಿ ನೂಲು ಬಿಗಿಯುವ ಬೆರಳು ಮರಳಬೇಕು. ಮಲ್ಪೆಯ ಮೀನುಗಾರನಿಗೆ ಹಗ್ಗದ ಹಿಡಿತ ಬೇಕು. ಇವನ್ನೆಲ್ಲ ಗುರಿಯಾಗಿ ಬರೆದುಕೊಳ್ಳುವ ಥೆರಪಿಸ್ಟ್ ಸಿಕ್ಕರೆ ಆ ರೋಗಿಯ ಪುಣ್ಯ.

ಮತ್ತೆ ಕಿವಿಯ ವಿಷಯಕ್ಕೆ ಬಂದರೆ, ಹೆರಿಗೆಯಾದ ಮನೆಯವರು ಒಂದು ಮಾತು ಗಮನಿಸಬೇಕು. ನವಜಾತ ಶಿಶುವಿನ ಶ್ರವಣ ತಪಾಸಣೆ ಕೆಲವೇ ನಿಮಿಷದ್ದು, ಮಗು ಮಲಗಿರುವಾಗಲೇ ಮುಗಿಯುತ್ತದೆ, ನೋವಿಲ್ಲ. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ದೋಷ ಖಚಿತ, ಆರರೊಳಗೆ ಸಾಧನ ಮತ್ತು ತರಬೇತಿ ಎಂಬುದು ತಜ್ಞರ ಲೆಕ್ಕ. ಹುಟ್ಟಿನಿಂದಲೇ ಕೇಳದ, ಐದು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಲು ಕೇಂದ್ರದ ಎಡಿಐಪಿ ಯೋಜನೆಯಲ್ಲಿ ನೆರವಿದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನವೇ ಮಗುವಿನ ಕಿವಿ ಪರೀಕ್ಷೆ ಆಗಿದೆಯೇ ಎಂದು ಕೇಳಿ, ವರದಿಯನ್ನು ಲಸಿಕೆ ಕಾರ್ಡಿನ ಜತೆ ಇಟ್ಟುಕೊಳ್ಳಿ.