ಪೆಟ್ಟಿಗೆಯೊಂದೇ ಜೇನುಸಾಕಣೆಯಲ್ಲ

ಜೇನುಸಾಕಣೆಗೆ ಪ್ರೋತ್ಸಾಹ ಕೊಡಬೇಕೆಂದು ಹೇಳದ ಅಧಿಕಾರಿಯೂ ಇಲ್ಲ, ಆ ಮಾತಿಗೆ ಚಪ್ಪಾಳೆ ತಟ್ಟದ ಸಭೆಯೂ ಇಲ್ಲ. 2020ರಲ್ಲಿ ಕೇಂದ್ರ ಸರ್ಕಾರದವರು ಈ ಉದ್ಯಮಕ್ಕೆಂದು 500 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿದರು. ಹಣವೊದಗಿದುದು ಸಂತೋಷವೇ ಸರಿ. ಆದರೆ ಆ ಹಣವು ಮರದ ಪೆಟ್ಟಿಗೆಗಳಾಗಿ ಮಾರ್ಪಟ್ಟು, ಪೆಟ್ಟಿಗೆಗಳು ಒಂದೇ ಮಳೆಗಾಲದಲ್ಲಿ ಬರಿದಾಗಿ ಕೊಟ್ಟಿಗೆಯ ಮೂಲೆಯನ್ನು ಸೇರುವುದಾದರೆ, ಅದರಿಂದ ಲಾಭ ಹೊಂದುವವನು ಬಡಗಿ ಮಾತ್ರ.

ಮಲೆನಾಡು ಕೊಡಗುಗಳಲ್ಲಿ ಹಿಂದಿನಿಂದ ಸಾಕುತ್ತ ಬಂದಿರುವ ಜೇನು ತುಡುವೆ. ಮರದ ಪೊಟರೆಯಲ್ಲಿಯೂ ಹುತ್ತದಲ್ಲಿಯೂ ಒಂದರ ಪಕ್ಕದಲ್ಲೊಂದು ಎರಿಗಳನ್ನು ಕಟ್ಟುವುದು ಅದರ ಸ್ವಭಾವ. ಎರಿಗಳ ನಡುವೆ ಹುಳು ನುಸುಳುವಷ್ಟೇ ಎಡೆಯನ್ನುಳಿಸಿದರೆ ಅದು ಆ ಎಡೆಯನ್ನು ಮುಚ್ಚುವುದಿಲ್ಲವೆಂಬ ತತ್ತ್ವದ ಮೇಲೆ 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಚೌಕಟ್ಟಿನ ಪೆಟ್ಟಿಗೆಯನ್ನು ರಚಿಸಿದನು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ ಅವರು ನಮ್ಮ ಸಣ್ಣ ಹುಳುವಿಗೊಪ್ಪುವ ಪೆಟ್ಟಿಗೆಯನ್ನು ಮಾಡಿ, ಅದನ್ನು ಬಳಸುವ ಕ್ರಮವನ್ನು ಜನರಿಗೆ ಕಲಿಸಿದರು. ಕಲಿಸಿದರೆಂಬ ಮಾತನ್ನು ವಾಚಕರು ಗಮನಿಸಬೇಕು.

ಕಲಿಕೆಯ ಅಗತ್ಯವೆಷ್ಟೆಂಬುದನ್ನು 1991-92ರ ವಿಪತ್ತು ತೋರಿಸಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಕೇರಳ, ತಮಿಳುನಾಡು, ಕರ್ನಾಟಕಗಳನ್ನು ಹೊಕ್ಕು, ತುಡುವೆಯ ಮರಿಹುಳುಗಳು ಕೋಶಾವಸ್ಥೆಗೆ ಬರುವ ಮೊದಲೇ ನೀರು ತುಂಬಿದ ಚೀಲಗಳಂತಾಗಿ ಸಾಯತೊಡಗಿದುವು. ಸಾಕಿದ ಕುಟುಂಬಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಅಳಿದುವೆಂದು ಅಂದಾಜು. ಈ ರೋಗವನ್ನು ವಾಸಿಮಾಡುವ ಔಷಧವಿಲ್ಲ. ಇರುವ ಉಪಾಯಗಳೆಲ್ಲವೂ ಸಾಕುವವನ ಕಣ್ಣು ಕೈಗಳಿಗೆ ಸೇರಿದುವು: ರೋಗದ ಎರಿಯನ್ನು ಗುರುತಿಸುವುದು, ಅದನ್ನು ಮತ್ತೊಂದು ಪೆಟ್ಟಿಗೆಗೆ ಹಾಕದಿರುವುದು, ರಾಣಿಯನ್ನು ಕೆಲಕಾಲ ತಡೆದು ಮರಿಯಿಲ್ಲದ ಅವಧಿಯನ್ನು ಕಲ್ಪಿಸುವುದು, ರೋಗವನ್ನು ತಾಳಿಕೊಂಡು ಉಳಿದ ಕುಟುಂಬದಿಂದಲೇ ಹೊಸ ಕುಟುಂಬಗಳನ್ನು ಬೆಳೆಸುವುದು. ಊರಿಂದೂರಿಗೆ ಪರೀಕ್ಷೆಯಿಲ್ಲದೆ ಪೆಟ್ಟಿಗೆಗಳನ್ನು ಸಾಗಿಸಿದರೆ ಜೇನಿನೊಡನೆ ರೋಗವೂ ಪ್ರಯಾಣ ಮಾಡುತ್ತದೆ.

ರೋಗಕ್ಕಿಂತ ಸಾಮಾನ್ಯವಾದುದು ಹಸಿವು. ಮುಂಗಾರಿಗೆ ಮುಂಚೆ ತುಪ್ಪವನ್ನೆಲ್ಲ ಬಸಿದುಕೊಂಡವನ ಪೆಟ್ಟಿಗೆಯಲ್ಲಿ ಆಷಾಢದ ಮಳೆಗೆ ಹುಳುಗಳಿಗೆ ಉಣ್ಣಲೇನೂ ಉಳಿಯುವುದಿಲ್ಲ. ತುಡುವೆಯು ಹಸಿದು ಕುಳಿತಿರುವ ಜಾತಿಯಲ್ಲ, ಗೂಡನ್ನೇ ತೊರೆದು ಹೋಗುತ್ತದೆ. ಒಂದಿಷ್ಟು ತುಪ್ಪವನ್ನು ಅವಕ್ಕೇ ಬಿಡಬೇಕು, ಸಾಲದಿದ್ದರೆ ಸಕ್ಕರೆಪಾಕವನ್ನು ಕೊಡಬೇಕು. (ಆ ಪಾಕವನ್ನೇ ಮತ್ತೆ ಎರಿಯಿಂದ ತೆಗೆದು ಜೇನುತುಪ್ಪವೆಂದು ಮಾರುವ ಬುದ್ಧಿವಂತಿಕೆಯನ್ನು ನಾವು ಸಾಕಣೆಯೆಂದು ಕರೆಯಲಾರೆವು.)

ಇದು ತುಪ್ಪದ ವ್ಯಾಪಾರವೊಂದರ ಪ್ರಶ್ನೆಯಲ್ಲ. ರೊಬಸ್ಟಾ ಕಾಫಿಯ ಹೂವು ತನ್ನ ಗಿಡದ ಪರಾಗದಿಂದ ಕಾಯಿ ಕಟ್ಟಲಾರದು. ಹೂಮಳೆ ಬಿದ್ದು ತೋಟ ಬೆಳ್ಳಗಾದ ಆ ಕೆಲವೇ ದಿನಗಳಲ್ಲಿ ಗಾಳಿಯೂ ಜೇನೂ ಪರಾಗವನ್ನು ಗಿಡದಿಂದ ಗಿಡಕ್ಕೆ ಒಯ್ಯಬೇಕು. ಏಲಕ್ಕಿಯ ಹೂವಿನ ಆಯುಷ್ಯವು ಒಂದೇ ಹಗಲು. ಅಷ್ಟರೊಳಗೆ ಹುಳು ಬಾರದಿದ್ದರೆ ಕಾಯಿಲ್ಲ. ಹೂಗಾಲದ ಬೆಳಗಿನಲ್ಲಿ ಕೀಟನಾಶಕವನ್ನು ಸಿಂಪಡಿಸುವ ಬೇಸಾಯಗಾರನು ತನ್ನ ಕೂಲಿಯಾಳುಗಳಿಗೆ ತಾನೇ ವಿಷವಿಕ್ಕಿದಂತಾಗುತ್ತದೆ. ಸಿಂಪಡಿಸಲೇಬೇಕಾದಲ್ಲಿ, ಜೇನು ಗೂಡು ಸೇರಿದ ಸಂಜೆ ಮಾಡಲಿ.

ಪಟ್ಟಣಿಗರಾದ ನಾವೂ ನಿರ್ದೋಷಿಗಳಲ್ಲ. ನೀರಿನ ತೊಟ್ಟಿಯ ಕೆಳಗೋ ಕಚೇರಿಯ ಸಜ್ಜೆಯಲ್ಲೋ ಹೆಜ್ಜೇನು ಕಟ್ಟಿದರೆ, ಆ ದಿನವೇ ವಿಷವನ್ನೋ ಬೆಂಕಿಯನ್ನೋ ತರಿಸುತ್ತೇವೆ. ಹೆಜ್ಜೇನು ವಲಸೆಯ ಹುಳು; ಕೆಲವು ತಿಂಗಳಾದ ಮೇಲೆ ತಾನಾಗಿಯೇ ಹೊರಟುಹೋಗುತ್ತದೆ. ಶಾಲೆ ಆಸ್ಪತ್ರೆಗಳ ಬಾಗಿಲಲ್ಲಿ ಕಟ್ಟಿದುದನ್ನು ಬಲ್ಲವರಿಂದ ತೆಗೆಸಬೇಕಾದೀತು, ಕುಟುಕಿನಿಂದ ಪ್ರಾಣಾಪಾಯವಾಗುವುದು ನಿಜ. ಯಾರ ಓಡಾಟವೂ ಇಲ್ಲದ ಎತ್ತರದ ಗೂಡನ್ನು ಸುಡುವುದಕ್ಕೆ ಮಾತ್ರ ಯಾವ ಕಾರಣವೂ ನಮಗೆ ತೋರದು.

ಭಾಗಮಂಡಲದಲ್ಲಿ ತರಬೇತಿಯ ಕೇಂದ್ರವುಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರವನ್ನು ಬಲ್ಲವರುಂಟು. ಹಳ್ಳಿಗಳಲ್ಲಿ ಓದುಬರೆಹವಿಲ್ಲದೆಯೂ ಗೂಡಿನ ಸದ್ದಿನಿಂದಲೇ ಅದರ ಸ್ಥಿತಿಯನ್ನರಿಯುವ ಹಿರಿಯರೂ ಇದ್ದಾರೆ. ಸಹಾಯಧನದ ನಿಯಮಗಳನ್ನು ಬರೆಯುವ ಅಧಿಕಾರಿಗಳು ಒಂದು ಷರತ್ತನ್ನು ಸೇರಿಸಲಿ: ಅರ್ಜಿದಾರನು ಇಂತಹ ಒಬ್ಬರ ಬಳಿ ಒಂದು ಕುಟುಂಬವನ್ನಾದರೂ ಒಂದು ಮಳೆಗಾಲ ದಾಟಿಸಿದ ಮೇಲೆಯೇ ಪೆಟ್ಟಿಗೆಗಳು ದೊರೆಯತಕ್ಕದ್ದು, ಕಲಿಸಿದವರಿಗೂ ಅದೇ ಹಣದಿಂದ ಗೌರವಧನ ಸಲ್ಲತಕ್ಕದ್ದು.