ದಡಿಯ ರೇಷ್ಮೆ, ಒಡಲಿನ ನೀಲಿ

ನಾರಾಯಣಪೇಟೆಯಿಂದ ಮಕ್ತಲ್ ಹಾದು, ಕೃಷ್ಣೆ ದಾಟಿದರೆ ಗದ್ವಾಲ. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಈ ಮಗ್ಗದ ಸೀಮೆಯಲ್ಲಿ ನಾರಾಯಣಪೇಟೆಗೆ ಚೌಕುಳಿ ಸೀರೆಯ ಹೆಸರು. ಗದ್ವಾಲದ ಸೀರೆಗೆ ಒಡಲು ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ರಸಾಯನಶಾಸ್ತ್ರದ ಕಣ್ಣಲ್ಲಿ ಇದು ಎರಡು ಬೇರೆ ಜಾತಿಯ ಅಣುಗಳು ಕೂಡಿದ ಬಟ್ಟೆ.

ದಡಿ ಅಸಲಿ ರೇಷ್ಮೆಯೇ ಎಂದು ನೋಡಲು ಎಳೆಯೊಂದನ್ನು ಕಿತ್ತು ಸುಡುವುದು ಹಳೆಯ ರೂಢಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ; ಕಾಗದ ಸುಟ್ಟಂತಾದರೆ ಹತ್ತಿ; ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಒಳ್ಳೆಯ ಪರೀಕ್ಷೆಯೇ, ಆದರೆ ಎಳೆ ಹೋಯಿತು.

ಪ್ರಯೋಗಾಲಯದಲ್ಲಿ ಎಳೆ ಕೀಳಬೇಕಿಲ್ಲ. ವಜ್ರದ ಪುಟ್ಟ ಹರಳಿಗೆ ದಡಿಯನ್ನು ಒತ್ತಿ ಹಿಡಿದು ಇನ್‌ಫ್ರಾರೆಡ್ ಕಿರಣ ಹಾಯಿಸುತ್ತಾರೆ. ಅಣುವಿನೊಳಗಿನ ಬಂಧಗಳು ಸ್ಪ್ರಿಂಗಿನಂತೆ ಸದಾ ಕಂಪಿಸುತ್ತಿರುತ್ತವೆ. ತಮ್ಮ ಕಂಪನಕ್ಕೆ ಹೊಂದುವ ಕಿರಣವನ್ನಷ್ಟೇ ಹೀರುತ್ತವೆ. ಯಾವುದು ಹೀರಲ್ಪಟ್ಟಿತು ಎಂಬ ನಕ್ಷೆಯೇ ರೋಹಿತ. ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕದಲ್ಲಿ ರೇಷ್ಮೆಯ ಪ್ರೋಟೀನು 1620 ಮತ್ತು 1515ರ ಆಸುಪಾಸಿನಲ್ಲಿ, ಪಾಲಿಯೆಸ್ಟರ್ 1715ರ ಬಳಿ, ಹತ್ತಿಯ ಸೆಲ್ಯುಲೋಸ್ 1030ರ ಸುತ್ತ ಗುರುತು ಬಿಡುತ್ತದೆ. ಹೊಸಬರು ಎಡವುವುದು ಒಂದು ಕಡೆ: ಹತ್ತಿ ಹಿಡಿದಿಟ್ಟುಕೊಂಡ ತೇವವೂ 1640ರ ಬಳಿ ತಲೆ ಎತ್ತಿ ರೇಷ್ಮೆಯ ವೇಷ ಹಾಕುತ್ತದೆ. ಪಳಗಿದವರು 1515ನ್ನೂ ನೋಡದೆ ಮಾತಾಡುವುದಿಲ್ಲ. ಇಂಥ ರೋಹಿತಗಳನ್ನು ಓದುವ ಬಗೆ ಕಲಿಸಿದ ಪುಸ್ತಕಗಳಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ 1963ರಲ್ಲಿ ಪ್ರಕಟಿಸಿದ್ದೂ ಒಂದು.

ಬಣ್ಣದ ವಿಷಯ ಇಷ್ಟು ಸಲೀಸಲ್ಲ. ನೂಲಿನಲ್ಲಿ ಬಣ್ಣ ಇರುವುದೇ ಕೊಂಚ. ನೂಲಿನ ಗುರುತುಗಳು ಅದನ್ನು ಮುಚ್ಚಿಬಿಡುತ್ತವೆ. ಹಾಗಾಗಿ ದ್ರಾವಕದಲ್ಲಿ ಬಣ್ಣವನ್ನು ಬಿಡಿಸಿಕೊಳ್ಳಬೇಕು. ಅದು ನೀಲಿಗಿಡದ ಇಂಡಿಗೋ ಎನ್ನಿ. ದ್ರವ್ಯರಾಶಿ ರೋಹಿತಮಾಪಕ ಅಣುವಿನ ತೂಕ 262 ಎನ್ನುತ್ತದೆ: 16 ಇಂಗಾಲ, 10 ಹೈಡ್ರೋಜನ್, ತಲಾ 2 ನೈಟ್ರೋಜನ್ ಮತ್ತು ಆಮ್ಲಜನಕ. ಕೆಲಸ ಮುಗಿಯಿತೆ? ಇಲ್ಲ. ಇಂಡಿರುಬಿನ್ ಎಂಬ ಕೆಂಪು ಬಣ್ಣಕ್ಕೂ ಇವೇ ಪರಮಾಣುಗಳು, ಇದೇ ತೂಕ.

ಇಲ್ಲಿ ಎನ್‌ಎಂಆರ್ ಬೇಕು. ಬಲವಾದ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೋ ಅಲೆ ಕಳಿಸಿದರೆ ಪ್ರತಿ ಇಂಗಾಲವೂ ತನ್ನ ನೆರೆಹೊರೆಗೆ ತಕ್ಕಂತೆ ಬೇರೆ ಬೇರೆ ಕಡೆ ಸಂಕೇತ ಕೊಡುತ್ತದೆ. ಇಂಗಾಲ 12 ಇದಕ್ಕೆ ಓಗೊಡುವುದಿಲ್ಲ. ನೂರಕ್ಕೆ ಒಂದರಂತಿರುವ ಇಂಗಾಲ 13 ಮಾತ್ರ ಓಗೊಡುತ್ತದೆ, ಆದ್ದರಿಂದ ತಾಳ್ಮೆ ಬೇಕು. ಇಂಡಿಗೋದ ಎರಡು ಅರ್ಧಗಳು ತದ್ರೂಪ. ಹಾಗಾಗಿ 16 ಇಂಗಾಲಕ್ಕೆ ಸಂಕೇತ 8 ಮಾತ್ರ. ಇಂಡಿರುಬಿನ್ನಿನಲ್ಲಿ ಆ ಸಮತೆಯಿಲ್ಲ, 16ಕ್ಕೆ 16. ತೂಕ ಮುಚ್ಚಿಟ್ಟ ಗುಟ್ಟನ್ನು ಬರೀ ಎಣಿಕೆ ಹೊರಗೆಡವುತ್ತದೆ.

ಈ ಯಂತ್ರಗಳಿಲ್ಲದ ಕಾಲದಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1865ರಲ್ಲಿ ಇಂಡಿಗೋದ ಬೆನ್ನುಹತ್ತಿ, ಒಡೆದು, ಕೂಡಿಸಿ, 1883ರಲ್ಲಿ ರಚನೆಯನ್ನು ಮುಂದಿಟ್ಟರು. 1905ರಲ್ಲಿ ನೊಬೆಲ್ ಬಂತು. ಎರಡು ಅರ್ಧಗಳು ಯಾವ ಕಡೆ ಮುಖ ಮಾಡಿವೆ ಎಂಬುದು ಮಾತ್ರ 1928ರ ಎಕ್ಸ್-ರೇ ಅಧ್ಯಯನದವರೆಗೆ ಬಗೆಹರಿಯಲಿಲ್ಲ.

ಅಂಗಡಿಯವರು ‘ಗಿಡದ ಬಣ್ಣ’ ಎಂದು ಹೆಚ್ಚು ಬೆಲೆ ಹೇಳಿದರೆ? ಗಿಡದ ಇಂಡಿಗೋ, ಕಾರ್ಖಾನೆಯ ಇಂಡಿಗೋ ಎರಡೂ ಒಂದೇ ಅಣು. ಶುದ್ಧ ಮಾಡಿದ ಮೇಲೆ ಮೇಲಿನ ರೋಹಿತಗಳೆಲ್ಲ ಎರಡಕ್ಕೂ ಒಂದೇ ಉತ್ತರ ಕೊಡುತ್ತವೆ. ಆಗ ಹುಡುಕಬೇಕಾದದ್ದು ವಿಕಿರಣಶೀಲ ಇಂಗಾಲ 14ನ್ನು. ಗಿಡ ಅದನ್ನು ಗಾಳಿಯಿಂದ ಎಳೆದುಕೊಂಡಿರುತ್ತದೆ. ಕಾರ್ಖಾನೆಯ ಇಂಡಿಗೋಗೆ ಮೂಲವಾದ, ಕೋಟ್ಯಂತರ ವರ್ಷ ನೆಲದಡಿ ಇದ್ದ ಪೆಟ್ರೋಲಿಯಂನಲ್ಲಿ ಅದೆಲ್ಲ ಎಂದೋ ಸವೆದುಹೋಗಿದೆ.