ಕಡಲಿಲ್ಲದ ಊರಿನಿಂದ ಹಡಗಿನ ಯಂತ್ರಕೋಣೆಗೆ

ಕಳೆದ ಶ್ರಾವಣದ ಒಂದು ಸಂಜೆ ಯಲಹಂಕದ ಸದ್ಭಕ್ತ ದಂಪತಿಗಳು ಮಗನೊಡನೆ ನಮ್ಮನ್ನು ಕಾಣಲು ಬಂದರು. ಹುಡುಗ ದ್ವಿತೀಯ ಪಿ.ಯು.ಸಿ. ಮುಗಿಸಿದ್ದ. ಮರೀನ್ ಇಂಜಿನಿಯರ್ ಆಗಬೇಕೆಂಬುದು ಅವನ ಹಂಬಲ. ಪ್ರವೇಶ ಪರೀಕ್ಷೆಯ ಗೊಡವೆಯೇ ಇಲ್ಲದೆ ಓದು, ಕೆಲಸ ಎರಡನ್ನೂ ಕೊಡಿಸುವೆನೆಂದು ಮಧ್ಯವರ್ತಿಯೊಬ್ಬ ಹಲವು ಲಕ್ಷ ರೂಪಾಯಿ ಕೇಳಿದ್ದನಂತೆ. ಅದಕ್ಕಾಗಿ ತಂದೆ ತಮ್ಮ ಏಕೈಕ ನಿವೇಶನವನ್ನು ಮಾರಲು ಸಿದ್ಧರಾಗಿದ್ದರು. "ಗುರುಗಳೇ, ಈ ವಾರವೇ ಮುಂಗಡ ಕೊಡಬೇಕು, ಕೊಡಲೋ ಬೇಡವೋ?" ಎಂದು ಅವರು ಕೇಳಿದರು. ತಾಯಿಯ ಚಿಂತೆ ಬೇರೆ. "ತಿಂಗಳುಗಟ್ಟಲೆ ನೀರಿನ ಮೇಲಿರುವವನು ಏನುಣ್ಣುತ್ತಾನೆ? ಪೂಜೆ ಎಲ್ಲಿ ಮಾಡಿಕೊಳ್ಳುತ್ತಾನೆ?"

ನಾವು ಮಠದಲ್ಲಿ ಶಾಸ್ತ್ರ, ವಚನಗಳನ್ನು ಓದಿ ಬೆಳೆದವರು; ಹಡಗಿನ ವಿದ್ಯೆ ನಮಗೆ ಅಪರಿಚಿತ. ತಿಳಿಯದ ವಿಷಯದಲ್ಲಿ ಹಿತ ಹೇಳುವುದು ತಪ್ಪು. ಆದ್ದರಿಂದ ಎರಡು ದಿನ ಅವಕಾಶ ಕೇಳಿ, ಹೆಬ್ಬಾಳದಲ್ಲಿ ನೆಲೆಸಿರುವ ನಿವೃತ್ತ ಚೀಫ್ ಇಂಜಿನಿಯರೊಬ್ಬರನ್ನು ಕಂಡು ವಿಚಾರಿಸಿದೆವು. ಇತರ ಮನೆತನಗಳಿಗೂ ಉಪಯೋಗವಾದೀತೆಂದು ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಹಡಗನ್ನು ದಿಕ್ಕು ನೋಡಿ ನಡೆಸುವವರು ಬೇರೆ, ಅದರ ಯಂತ್ರಗಳನ್ನು ಕಾಯುವವರು ಬೇರೆ. ಮರೀನ್ ಇಂಜಿನಿಯರ್ ಎರಡನೆಯ ವರ್ಗದವನು. ದೊಡ್ಡ ಸರಕು ಹಡಗಿನ ಮುಖ್ಯ ಡೀಸೆಲ್ ಇಂಜಿನ್ ಮೂರು ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರವಿದ್ದು, ನಿಮಿಷಕ್ಕೆ ಸುಮಾರು 100 ಸುತ್ತು ಮಾತ್ರ ತಿರುಗುತ್ತದೆ. ಅದರ ಜೊತೆಗೆ ವಿದ್ಯುತ್ ಜನರೇಟರ್, ಬಾಯ್ಲರ್, ಪಂಪು, ಸಮುದ್ರದ ನೀರಿನಿಂದ ಸಿಹಿನೀರು ಮಾಡುವ ಯಂತ್ರ ಇವೆಲ್ಲವೂ ಅವನ ಹೊಣೆ. ನಡುಗಡಲಿನಲ್ಲಿ ಯಂತ್ರ ಕೆಟ್ಟರೆ ಕರೆದೊಡನೆ ಬರುವ ಮೆಕ್ಯಾನಿಕ್ ಇರುವುದಿಲ್ಲ, ಅವನೇ ಸರಿಪಡಿಸಬೇಕು.

ಈ ವಿದ್ಯೆಗೆ ರಾಜಮಾರ್ಗವುಂಟು. 2008ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರ ವಿಶ್ವವಿದ್ಯಾಲಯಕ್ಕೆ ಚೆನ್ನೈ ಕೇಂದ್ರಸ್ಥಾನ. ಅದರ ಕೋಲ್ಕತ್ತ ಕೇಂದ್ರದ ಮೂಲಸಂಸ್ಥೆ 1949ರಷ್ಟು ಹಳೆಯದು. ನಾಲ್ಕು ವರ್ಷದ ಬಿ.ಟೆಕ್. ಓದಿಗೆ ಪಿ.ಯು.ಸಿ.ಯ ಭೌತ, ರಸಾಯನ, ಗಣಿತಗಳಲ್ಲಿ ಸರಾಸರಿ ಶೇ. 60, ಇಂಗ್ಲಿಷಿನಲ್ಲಿ ಶೇ. 50 ಅಂಕ ಬೇಕು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನೂ ಬರೆಯಬೇಕು. ವೈದ್ಯಕೀಯ ಪರೀಕ್ಷೆ ಕಡ್ಡಾಯ. ಬಣ್ಣಗುರುಡು ಇರುವವರಿಗೆ ಅವಕಾಶವಿಲ್ಲ. ಆದಕಾರಣ ಹಣ ಕಟ್ಟುವ ಮೊದಲೇ ಕಣ್ಣು ತೋರಿಸುವುದು ಜಾಣತನ.

ಇನ್ನೊಂದು ದಾರಿ ನಮ್ಮ ಮನೆಬಾಗಿಲಿನಿಂದಲೇ ಹೊರಡುತ್ತದೆ. ಯಶವಂತಪುರದ ಸಮೀಪ 1962ರಲ್ಲಿ ಆರಂಭವಾದ ಎಂ.ಎಸ್. ರಾಮಯ್ಯ ತಾಂತ್ರಿಕ ವಿದ್ಯಾಲಯದಲ್ಲಿಯೋ ಯಲಹಂಕ ಸುತ್ತಲಿನ ಕಾಲೇಜುಗಳಲ್ಲಿಯೋ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದವರು, ಬಳಿಕ ಒಂದು ವರ್ಷದ ವಿಶೇಷ ತರಬೇತಿಯಿಂದ ಹಡಗು ಸೇರಬಹುದು. ಮನಸ್ಸು ಬದಲಾದರೆ ನೆಲದ ಮೇಲಿನ ಉದ್ಯೋಗವೂ ಉಳಿದಿರುತ್ತದೆ.

ಓದು ಮುಗಿದೊಡನೆ ಅಧಿಕಾರ ಬರುವುದಿಲ್ಲ. ಮೊದಲು ಕಿರಿಯ ಇಂಜಿನಿಯರಾಗಿ ಕನಿಷ್ಠ ಆರು ತಿಂಗಳು ಸಮುದ್ರಸೇವೆ. ಆ ಮೇಲೆ ನಾಲ್ಕನೆಯ ದರ್ಜೆಯ ಅರ್ಹತಾ ಪರೀಕ್ಷೆ. ಮತ್ತೆ ಸೇವೆ, ಎರಡನೆಯ ದರ್ಜೆ. ಮತ್ತೆ ಸೇವೆ, ಮೊದಲ ದರ್ಜೆ. ಆಗ ಚೀಫ್ ಇಂಜಿನಿಯರ್ ಪದವಿಗೆ ಅರ್ಹತೆ. ಮೊದಲ ಮೆಟ್ಟಿಲೇ ಕಠಿಣ. ಕಾಲೇಜಿನಿಂದ ಹೊರಬಂದು ಹಡಗು ಸಿಗದೆ ಕಾಯುತ್ತ ಕುಳಿತವರುಂಟು. ಸೇರುವ ಮುನ್ನವೇ ಹಡಗು ಕಂಪನಿಯ ಪ್ರಾಯೋಜಕತ್ವ ದೊರೆತರೆ ಈ ಭಯ ಬಹುಮಟ್ಟಿಗೆ ಕಡಿಮೆ.

ಮಧ್ಯವರ್ತಿಯ ಮಾತಿಗೆ ಬರೋಣ. ಹಡಗಿಗೆ ಸಿಬ್ಬಂದಿಯನ್ನು ಒದಗಿಸುವ ಸಂಸ್ಥೆಗೆ ಆರ್.ಪಿ.ಎಸ್.ಎಲ್. ಎಂಬ ಸರ್ಕಾರಿ ಪರವಾನಗಿ ಇರಲೇಬೇಕು. ಕೆಲಸ ಕೊಡಿಸಲು ನಾವಿಕನಿಂದ ಶುಲ್ಕ ಪಡೆಯಬಾರದೆಂದು 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆ ವಿಧಿಸುತ್ತದೆ. ಭಾರತವು 2015ರಲ್ಲಿ ಅದನ್ನು ಅಂಗೀಕರಿಸಿತು. ಅಂದಮೇಲೆ ನೌಕರಿಗೆ ಲಂಚ ಕೇಳುವವನ ಬಳಿ ನಿಜವಾದ ನೌಕರಿ ಇರುವುದು ದುರ್ಲಭ.

ತಾಯಿಯ ಪ್ರಶ್ನೆಯೂ ಸಣ್ಣದಲ್ಲ. ಒಮ್ಮೆ ಹೋದರೆ ನಾಲ್ಕರಿಂದ ಒಂಬತ್ತು ತಿಂಗಳು ಮನೆಯ ಮುಖವಿಲ್ಲ. ಯಂತ್ರಕೋಣೆಯ ಸೆಕೆ ನಲವತ್ತು ಡಿಗ್ರಿ ಮೀರುತ್ತದೆ. ಮದುವೆ, ಮರಣ ಯಾವುದಕ್ಕೂ ತಕ್ಷಣ ಬರಲಾಗದು. ಶಾಕಾಹಾರ ಸಾಧ್ಯ, ಆದರೆ ಆಯ್ಕೆ ಕಡಿಮೆ. "ಪೂಜೆಗೆ ಅಂಗೈಯಗಲ ಜಾಗ ಸಾಕಲ್ಲವೇ ತಾಯಿ? ಇಷ್ಟಲಿಂಗ ಅವನ ಎದೆಯ ಮೇಲೆಯೇ ಇರುತ್ತದೆ" ಎಂದೆವು. ಆ ತಾಯಿ ಕಣ್ಣೊರೆಸಿಕೊಂಡು ನಕ್ಕರು. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ. ಸೋನಾಲಿ ಬ್ಯಾನರ್ಜಿ 1999ರಲ್ಲಿ ಭಾರತದ ಪ್ರಥಮ ಮಹಿಳಾ ಮರೀನ್ ಇಂಜಿನಿಯರ್ ಆದರು.

ತಂದೆ ಪರವಾನಗಿಯ ಸಂಖ್ಯೆ ಕೇಳಿದ ದಿನದಿಂದ ಮಧ್ಯವರ್ತಿಯ ದೂರವಾಣಿ ಮೌನವಾಯಿತು. ನಿವೇಶನ ಉಳಿಯಿತು. ಆ ವರ್ಷದ ಪ್ರವೇಶ ಪರೀಕ್ಷೆ ಮುಗಿದುಹೋಗಿದ್ದರಿಂದ ಹುಡುಗ ಸದ್ಯ ಮನೆಯ ಸಮೀಪದಲ್ಲೇ ಮೆಕ್ಯಾನಿಕಲ್ ಓದುತ್ತಿದ್ದಾನೆ. ಪದವಿಯ ನಂತರವೂ ಕಡಲು ಕರೆದರೆ ಹೋಗುವನು.

ಅಂಬಿಗರ ಚೌಡಯ್ಯನವರದು ದೋಣಿ ನಡೆಸುವ ಕಾಯಕ. ಅನುಭವ ಮಂಟಪದ ಪರಂಪರೆಗೆ ನೀರಿನ ಮೇಲಿನ ದುಡಿಮೆ ಹೊಸದಲ್ಲ. ಯಾವ ಕಾಯಕವಾದರೂ ಸರಿ, ಅದರ ಬಾಗಿಲು ಪರಿಶ್ರಮದಿಂದ ತೆರೆಯಲಿ; ತಂದೆತಾಯಿಯ ನೆಲ ಮಾರಿದ ಹಣದಿಂದ ಬೇಡ.